ಕಂಪನಿ ಗುಳಿಗಿ, ಬರೀ ಗುಳಿಗಿ

(ಕಾಕಾ ಇಚಲಕರಂಜಿಯ ಪವರ್‌ಲೂಮುಗಳಲ್ಲಿ ಜಾಬರ್ ಆಗಿ ದುಡಿದು, ಈಗ ಗಡಹಿಂಗ್ಲಜದ ಮನೆ ಸೇರಿದವರು. ಮಗಳು ಅವರ ಅಣ್ಣನ ಮಗಳು, ಕೊಲ್ಹಾಪುರದಲ್ಲಿ ಫಾರ್ಮಸಿಸ್ಟ್. ರವಿವಾರ ಮಧ್ಯಾಹ್ನ, ಊಟ ಆಗಿದೆ.)

ಕಾಕಾ: ನಿನ್ನ ಮಾತ ಕೇಳಿ ಕಂಪನಿ ಗುಳಿಗಿ ಬಿಟ್ಟೆ ನೋಡವಾ. ಜೆನೆರಿಕ್ ಸುರು ಮಾಡಿದ ಮ್ಯಾಲೆ ಎದಿ ಉರಿ ಮತ್ತ ಹಾಜರ್. ರಾತ್ರಿ ಅಡ್ಡ ಆದ್ರ ಸಾಕು, ಹುಳಿ ನೀರು ಗಂಟಲತನಕ ಬರತೈತಿ. ಹತ್ತು ರೂಪಾಯಿದ್ದು ಹತ್ತು ರೂಪಾಯಿದ್ದ, ಎರಡು ರೂಪಾಯಿದ್ದು ಎರಡು ರೂಪಾಯಿದ್ದ.

ಮಗಳು: ಯಾವಾಗ ಬದಲಿ ಮಾಡಿದ್ರಿ?

ಕಾಕಾ: ಪಂಚಮಿ ಆದ ಮ್ಯಾಲೆ. ಮೊದಲಿಂದು ಮುಗದಿತ್ತು. ನಾಳೆ ತಂದರಾತು, ನಾಡಿದ್ದು ತಂದರಾತು ಅಂತ ನಾಕೈದು ದಿನ ಹೋದ್ವು. ಆಮ್ಯಾಲೆ ಮೊಮ್ಮಗ ಹೋಗಿ ಜೆನೆರಿಕ್ ಅಂಗಡ್ಯಾಗ ತಂದಾ.

ಮಗಳು: ಎರಡೂ ಪಾಕೀಟ ತೋರಸ್ರಿ. ಹಳೇದು ಖಾಲಿ ಆಗಿದ್ರೂ ನಡೀತೈತಿ.

ಕಾಕಾ: ನಿಮ್ಮ ಕಾಕು ಏನೂ ಒಗಿಯಂಗಿಲ್ಲ, ಚಲೋ ಆತು. ತಗೋ.

ಮಗಳು: ಹಳೇದು ಅರ್ಧಾ ಕತ್ತರಿಸಿದ್ದು. 'ಪ್ಯಾಂಟೊಪ್ರಜೋಲ್ ಗ್ಯಾಸ್ಟ್ರೊ-ರೆಸಿಸ್ಟ' ಅನ್ನೂತನಕ ಐತಿ, ಮುಂದಿಂದು ಅಂಗಡ್ಯಾಂವನ ಕತ್ತರಿಗೆ ಹೋಗೇತಿ. ಬ್ಯಾಚ್ ನಂಬರೂ ಇಲ್ಲ, ಎಕ್ಸ್‌ಪೈರಿನೂ ಇಲ್ಲ. ಇದರ ಫೋಟೊ ತೋರಿಸಿ ತಂದಾನ ಹುಡುಗ?

ಕಾಕಾ: ಹೂಂ, ಫೋನಿನಾಗ ತೆಗೆದುಕೊಂಡ ಹೋಗಿದ್ದ.

ಮಗಳು: ಇದರಾಗಿನ ಗುಳಿಗಿ ನೋಡಾಕ ಹೆಂಗಿತ್ತು?

ಕಾಕಾ: ಗುಳಿಗಿ ಎಲ್ಲಿದು, ಕ್ಯಾಪ್ಸೂಲ್. ಎರಡು ಬಣ್ಣದ್ದು, ಒಳಗ ರಾಗಿ ಕಾಳಿನಂಥಾವು ಇರತಿದ್ವು. ಒಮ್ಮೆ ಬಿಚ್ಚಿ ನೋಡೀನಿ. ಇದು ನೋಡು, ಹಳದಿ ಗುಳಿಗಿ. ಸ್ವಸ್ತಾದ್ದು ಅಂದ್ರ ಹಿಂಗ ಇರತೈತಿ ಅಂತ ಸುಮ್ಮನಾದೆ.

ಮಗಳು: ಡಾಕ್ಟರ ಚೀಟಿ ಐತೇನ್ರಿ? ... ಹಾಂ. ಇಲ್ಲೆ ಹೆಸರಿನ ಕಡೀಗೆ ಒಂದು 'ಡಿ' ಐತಿ, ನೋಡ್ರಿ. ನೀವು ಇಷ್ಟು ದಿನಾ ತಗೊಂಡಿದ್ದು ಎರಡು ಔಷಧದ ಜೋಡಿ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಅದರ ಸಂಗಾಟ ಡೊಂಪೆರಿಡೋನ್ 30 ಮಿಲಿಗ್ರಾಂ. ಈಗ ಬಂದಿದ್ದು ಬರೀ ಪ್ಯಾಂಟೊಪ್ರಜೋಲ್. ಮೊದಲನೇದು ಆ್ಯಸಿಡ್ ಕಡಿಮಿ ಮಾಡತೈತಿ. ಎರಡನೇದು ಹೊಟ್ಟ್ಯಾಗಿನ ಅನ್ನಾ ಲಗೂ ಕೆಳಗ ದೂಡತೈತಿ, ವಾಂತಿ ಬರೂದು ನಿಲ್ಲಸತೈತಿ. ನೀವು ಬ್ರ್ಯಾಂಡ್ ಬಿಟ್ಟು ಜೆನೆರಿಕ್ಕಿಗೆ ಬಂದೀನಿ ಅಂತ ತಿಳಕೊಂಡೀರಿ. ಖರೆ ಅಂದ್ರ ಒಂದು ಔಷಧಾನ ಬಿಟ್ಟೀರಿ.

ಕಾಕಾ: ಹಂಗಾರ ಈ ಉರಿ ಡಿ ಇಲ್ಲದ್ದಕ್ಕ?

ಮಗಳು: ಅದು ಒಂದು. ಇನ್ನೊಂದು ನಿಮ್ಮ ನಾಕೈದು ದಿನದ ಖಾಡಾ. ಹೊಟ್ಟಿ ಗ್ವಾಡ್ಯಾಗ ಆ್ಯಸಿಡ್ ಚೆಲ್ಲೂ ಸಣ್ಣ ಸಣ್ಣ ಪಂಪ್ ಇರತಾವ್ರಿ. ಈ ಔಷಧ ಅವಕ್ಕ ಅಂಟಿಕೊಂಡು ಬಂದ್ ಮಾಡಿ ಬಿಡತೈತಿ. ರಕ್ತದಾಗ ಔಷಧ ಇರೂದು ಕೆಲವೇ ತಾಸು, ಆದ್ರ ಬಂದ್ ಆದ ಪಂಪ್ ಬಂದ್. ಹೊಸಾ ಪಂಪ್ ಹುಟ್ಟಬೇಕು. ಒಂದೇ ಗುಳಿಗಿಗೆ ಎಲ್ಲಾ ಬಂದ್ ಆಗೂದಿಲ್ಲ, ಪೂರ್ತಿ ಗುಣ ಕಾಣಾಕ ಮೂರ್ನಾಕ ದಿನ ಹಿಡಿತೈತಿ. ಭಾಳ ದಿನ ತಗೊಂಡು ಧಡಕ್ಕನ ಬಿಟ್ರಂತೂ ಹೊಟ್ಟಿ ಮೊದಲಿಗಿಂತಾ ಜಾಸ್ತಿ ಆ್ಯಸಿಡ್ ಮಾಡತೈತಿ. ಡೆನ್ಮಾರ್ಕಿನ ಒಂದು ಪ್ರಯೋಗ 2009ರಾಗ ಪ್ರಕಟ ಆತು. ಯಾವ ತಕರಾರೂ ಇಲ್ಲದ ಆರೋಗ್ಯವಂತರಿಗೆ 8 ವಾರ ಇಂಥದ್ದ ಗುಳಿಗಿ ಕೊಟ್ಟು ನಿಲ್ಲಿಸಿದ್ರು. ನಿಲ್ಲಿಸಿದ ಮ್ಯಾಲೆ ನೂರಕ್ಕ 44 ಮಂದಿಗೆ ಎದಿ ಉರಿ, ಹುಳಿತೇಗು. ಔಷಧ ಇಲ್ಲದ ಖಾಲಿ ಗುಳಿಗಿ ತಗೊಂಡವರೊಳಗ ನೂರಕ್ಕ 15 ಮಂದಿಗೆ ಅಷ್ಟ. ಜಡ್ಡ ಇಲ್ಲದವರಿಗೆ ಹಿಂಗಾದ್ರ ನಿಮ್ಮಂಥವರಿಗೆ ಏನು ಹೇಳೂದು. ಖಾಡಾ ಬಿದ್ದು ಉರಿ ಎದ್ದಾಗ ಬಾಯಿಗೆ ಬಿದ್ದಿದ್ದು ಹೊಸಾ ಗುಳಿಗಿ. ಅಪರಾಧ ಅದರ ತಲಿಗೆ ಬಂತು.

ಕಾಕಾ: ನೀ ವಕೀಲರ ಗತೆ ಮಾತಾಡತಿ. ಇರಲಿ, ಆದ್ರ ಒರಿಜಿನಲ್ ಅಂದ್ರ ಒರಿಜಿನಲ್ ಅಲ್ಲೇನು? ಕಂಪನ್ಯಾಂವ ಹುಡುಕಿ ತಗದಿದ್ದು, ಬಾಕಿಯವರು ಕಾಪಿ ಹೊಡದಿದ್ದು.

ಮಗಳು: ಒರಿಜಿನಲ್ ನಿಮ್ಮ ಕೈಯಾಗ ಯಾವತ್ತಿತ್ರಿ ಕಾಕಾ? ಈ ಜಾತಿಯೊಳಗ ಮೊದಲನೇದು ಒಮೆಪ್ರಜೋಲ್. ಸ್ವೀಡನ್ನಿನ ಆಸ್ಟ್ರಾ ಕಂಪನಿ 1988ರಾಗ ಪ್ಯಾಟಿಗೆ ತಂತು. ಪ್ಯಾಂಟೊಪ್ರಜೋಲ್ ಜರ್ಮನಿಯ ಬ್ಯೂಕ್ ಗುಲ್ಡನ್ ಅನ್ನೂ ಕಂಪನಿದು, 1994ರದ್ದು. ನಮ್ಮ ದೇಶದಾಗ ಅವಾಗ 1970ರ ಪೇಟೆಂಟ್ ಕಾಯ್ದೆ ನಡದಿತ್ತು. ಔಷಧಕ್ಕ ಪೇಟೆಂಟ್ ಇಲ್ಲ, ಅದನ್ನ ಮಾಡೂ ದಾರಿಗೆ ಅಷ್ಟ ಪೇಟೆಂಟ್. ಬ್ಯಾರೆ ದಾರಿ ಹುಡುಕಿ ಮಾಡಿದ್ರ ಯಾರೂ ಕೇಳೂಹಂಗಿಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಓಮೆಜ್ ಅಂತ ತಗೀತು, ಮುಂಬೈಯವರು, ಅಹಮದಾಬಾದಿನವರು ತಮ್ಮ ತಮ್ಮ ಹೆಸರಲೆ ತಗದ್ರು. ಅಮೆರಿಕಾದವರು ಒಮೆಪ್ರಜೋಲಿನ ಪೇಟೆಂಟ್ ಮುಗಿಯಾಕ 2001ರ ತನಕ ಕಾಯ್ದ್ರು, ನಮಗ ಕಾಯೂ ಗರಜು ಬೀಳಲಿಲ್ಲ. 2005ರಾಗ ಕಾಯ್ದೆ ಬದಲಾತು, ಅಷ್ಟೊತ್ತಿಗೆ ಇವೆಲ್ಲಾ ಹಳೇ ಮಾಲು. ನೀವು ಕಂಪನಿ ಗುಳಿಗಿ ಅನ್ನೂದೂ ಜೆನೆರಿಕ್ಕ. ಚಂದನ ಹೆಸರು ಇಟ್ಟ ಜೆನೆರಿಕ್.

ಕಾಕಾ: ಅಂದ್ರ ದೊಡ್ಡ ದೊಡ್ಡ ಕಂಪನಿನೂ ಕಾಪಿನ?

ಮಗಳು: ಕೇಳ್ರಿ ಮಜಾ. ಸನ್ ಫಾರ್ಮಾ ನಮ್ಮಲ್ಲೆ ದೊಡ್ಡ ಹೆಸರು. ಅದು ಅಮೆರಿಕಾದಾಗ ಪ್ಯಾಂಟೊಪ್ರಜೋಲಿನ ಪೇಟೆಂಟ್ ಮುಗಿಯೂಕ್ಕಿಂತ ಮೊದಲ ತನ್ನ ಜೆನೆರಿಕ್ ಮಾರಾಕ ನಿಂತಿತ್ತು. ಇಸ್ರೇಲಿನ ಟೆವಾ ಕಂಪನಿನೂ ಹಂಗ. ಕೋರ್ಟಿನಾಗ ಸೋತು, 2013ರಾಗ ರಾಜಿ ಆಗಿ, ಸನ್ 55 ಕೋಟಿ ಡಾಲರ್ ಕಟ್ಟಬೇಕಾತು, ಟೆವಾ 160 ಕೋಟಿ. ಅಲ್ಲೆ ಸನ್ ಫಾರ್ಮಾದವರು ಸ್ವಸ್ತಾ ಜೆನೆರಿಕ್ಕಿನವರು, ಇಲ್ಲೆ ಅವರ ಮಾಲು ಕಂಪನಿ ಮಾಲು. ಈಗ ಆ ಅರ್ಧಾ ಪಾಕೀಟ ಹೊಳ್ಳಿಸಿ ಸಣ್ಣ ಅಕ್ಷರ ಓದ್ರಿ. ಚಾಳೀಸ ಹಾಕೊಳ್ರಿ.

ಕಾಕಾ: ಮಾರ್ಕೆಟೆಡ್ ಬೈ... ನಮ್ಮ ಕಂಪನಿ ಹೆಸರ ಐತಿ. ಮ್ಯಾಲೆ... ಮ್ಯಾನ್ಯುಫ್ಯಾಕ್ಚರ್ಡ್ ಬೈ, ಇದ್ಯಾವುದೋ ಬ್ಯಾರೆ ಹೆಸರು. ಬದ್ದಿ, ಹಿಮಾಚಲ ಪ್ರದೇಶ.

ಮಗಳು: ಹೊಸಾದ್ರದ್ದೂ ಓದ್ರಿ.

ಕಾಕಾ: ಇದೂ ಹಿಮಾಚಲ ಪ್ರದೇಶ! ಓಹೋ, ತಿಳೀತು ಬಿಡು. ಇದು ನಮ್ಮ ಗ್ರೇ ಕಾಪಡದ ಧಂದೆ ಆತು. ಇಚಲಕರಂಜಿ ಮಗ್ಗದ ಮ್ಯಾಲೆ ನಾವು ನೇಯ್ದ ತಾಗಾ ಪ್ರೊಸೆಸ್ಸಿಗೆ ಹೋಗತಿತ್ತು. ಅಲ್ಲಿಂದ ಯಾರ ಶಿಕ್ಕಾ ಬಿತ್ತೋ ಅವರ ಅರಿವಿ. ಒಂದೇ ಶೆಡ್ಡಿನ ಮಾಲು ಒಬ್ಬಾಂವ ಮುಂಬೈಯೊಳಗ ಶೋರೂಮಿನಾಗ ಮಾರತಿದ್ದಾ, ಇನ್ನೊಬ್ಬಾಂವ ಸಂತ್ಯಾಗ ಮಾರತಿದ್ದಾ. ಆದ್ರ ಒಂದ ತಿಳಕೋ, ಒಂದೇ ಊರಿಂದು ಅಂದ ಮಾತ್ರಕ್ಕ ಒಂದೇ ಮಾಲಲ್ಲ. ವ್ಯಾಪಾರಿ ಬಂದು ಸಣ್ಣ ಭೂತಗನ್ನಡಿ ಇಟ್ಟು ಇಂಚಿಗೆ ಎಷ್ಟು ಎಳಿ ಅಂತ ಎಣಸತಿದ್ದಾ. ರೀಡ್ ಇಷ್ಟು, ಪಿಕ್ ಇಷ್ಟು ಅಂತ ಮಾತಾಗಿರತಿತ್ತು. ಮಾಲಕ ಪಿಕ್ಕಿನಾಗ ನಾಕು ಎಳಿ ಕದ್ದಾ ಅಂದ್ರ ಉಟ್ಟಾಂವಗ ತಿಳಿಯಂಗಿಲ್ಲ, ಮೂರು ಒಗತಕ್ಕ ಬಟ್ಟಿ ಜಾಳಾಗತಿತ್ತು. ಗುಳಿಗಿ ಪಿಕ್ ಎಣಸಾಂವ ಯಾರು?

ಮಗಳು: ಅದನ್ನ ಕೇಳಬೇಕ್ರಿ. ಜಾಬರ್ ಕೇಳೂ ಪ್ರಶ್ನೆ ಅದು. ಹೊಸಾ ಪಾಕೀಟಿನ ಮ್ಯಾಲೆ ಹೆಸರಿನ ಕಡೀಗೆ ಐ.ಪಿ. ಅಂತ ಐತಲ್ಲಾ, ಅದು ಇಂಡಿಯನ್ ಫಾರ್ಮಾಕೊಪಿಯಾ. ಔಷಧದ ರೀಡ್-ಪಿಕ್ ಬರದ ಪುಸ್ತಕ. ಗಾಜಿಯಾಬಾದಿನಾಗ ಅದರ ಆಯೋಗ ಐತಿ. ಈ ಗುಳಿಗ್ಯಾಗ ಮುಖ್ಯ ಏನಂದ್ರ ಮ್ಯಾಗಿನ ಲೇಪ. ಪ್ಯಾಂಟೊಪ್ರಜೋಲಿಗೆ ಆ್ಯಸಿಡ್ ಕಂಡ್ರ ಆಗೂದಿಲ್ಲ. ಆ್ಯಸಿಡ್ ತಡಿಯೂ ಔಷಧಾನ ಆ್ಯಸಿಡ್ಡಿನಾಗ ಹಾಳಾಗತೈತಿ. ಅದಕ್ಕ ಹೊಟ್ಟ್ಯಾಗ ಒಡಿಬಾರದು, ಕೆಳಗ ಸಣ್ಣ ಕರಳಿಗೆ ಹೋದ ಮ್ಯಾಲೆ ಒಡಿಬೇಕು. ಪರೀಕ್ಷಾ ಮಾಡೂ ಮುಂದ ಹೊಟ್ಟ್ಯಾಗಿನಂಥಾ ಆ್ಯಸಿಡ್ಡಿನಾಗ 2 ತಾಸು ಗುಳಿಗಿ ಅಲ್ಲಾಡಸತಾರ. ಒಂದು ಬಿರುಕೂ ಬಿಡಬಾರದು. ಆಮ್ಯಾಲೆ ಕರಳಿನಂಥಾ ನೀರಿಗೆ ಹಾಕತಾರ, ಅಲ್ಲೆ 1 ತಾಸಿನೊಳಗ ಕರಗಬೇಕು. ಲೇಪ ತೆಳುವಾತು ಅಂದ್ರ ನಿಮ್ಮ ಪಿಕ್ ಕಳುವು ಆದಂಗ.

ಕಾಕಾ: ನಮ್ಮ ಓಣ್ಯಾಗ ಒಬ್ಬಾಕಿ ಡಾಕ್ಟರ್ ಕಮ್ಮಿ ಮಾಡು ಅಂದ್ರು ಅಂತ 40ರ ಗುಳಿಗಿ ಅಡಕೊತ್ತಿನಾಗ ಎರಡು ತುಂಡ ಮಾಡಿ ನುಂಗತಾಳ.

ಮಗಳು: ಅಕಿಗೆ ಹೇಳ್ರಿ, 20 ಮಿಲಿಗ್ರಾಮಿಂದ ಬ್ಯಾರೆ ಗುಳಿಗಿ ಸಿಗತೈತಿ. ಕತ್ತರಿಸಿದ ಮ್ಯಾಲೆ ಲೇಪ ಎಲ್ಲಿ ಉಳೀತು? ಪಾಕೀಟಿಂದ ತಗದು ಡಬ್ಬ್ಯಾಗ ಹಾಕಿ ಇಡಬ್ಯಾಡ್ರಿ ಅನ್ನೂದೂ ಅದಕ್ಕ. ಮಳಿಗಾಲದ ಹಸಿ ಅದಕ್ಕ ಶತ್ರು.

ಕಾಕಾ: ಇನ್ನೊಂದು ಕೇಳೀನಿ. ಜೆನೆರಿಕ್ಕಿನಾಗ ನೂರಕ್ಕ 20 ಔಷಧ ಕಮ್ಮಿ ಹಾಕಾಕ ಸರಕಾರಾನ ಪರವಾನಗಿ ಕೊಟ್ಟೈತಿ ಅಂತ.

ಮಗಳು: ಅದು 80ರಿಂದ 125ರ ಕತಿ. ಹೊಸಾ ಗುಳಿಗಿ, ಹಳೇ ಗುಳಿಗಿ ಎರಡನ್ನೂ ಅದೇ ಮಂದಿಗೆ ಕೊಟ್ಟು ರಕ್ತದಾಗ ಎಷ್ಟು ಔಷಧ ಸೇರಿತು ಅಂತ ಅಳಿತಾರ. ಎರಡರ ಸರಾಸರಿ ಹೋಲಿಸಿ, ಲೆಕ್ಕದಾಗ ಇರಬಹುದಾದ ಹೆಚ್ಚುಕಮ್ಮಿನೂ ಸೇರಿಸಿ, ಆ ಪಟ್ಟಿ ಪೂರ್ತಿ 80 ಮತ್ತ 125ರ ನಡು ಇರಬೇಕು ಅಂತ ನೇಮ. ಸರಾಸರಿ ತಾನ 80ರ ಹತ್ತರ ಇದ್ರ ಪಟ್ಟಿ ಹೊರಗ ಬಿತ್ತು, ಗುಳಿಗಿ ನಪಾಸು. ಗುಳಿಗ್ಯಾಗ ಔಷಧಾನ ಕಡಿಮಿ ಹಾಕಾಕ ಅದರಾಗ ಜಾಗಾ ಇಲ್ಲ. ಆದ್ರ ಕಾಕಾ, ನಮ್ಮ ದೇಶದಾಗ ಭಾಳಷ್ಟು ಔಷಧಕ್ಕ ಈ ರಕ್ತದ ಪರೀಕ್ಷಾ ಕಡ್ಡಾಯ ಆಗಿದ್ದು 2017ರಾಗ. ಅದಕ್ಕಿಂತ ಮೊದಲ ಪ್ಯಾಟ್ಯಾಗ ಇದ್ದವು ಹಂಗ ನಡದು ಬಂದಾವ, ದೊಡ್ಡ ಹೆಸರಿನವೂ ಅದರಾಗ ಇರಬಹುದು. ಅದಕ್ಕ ಜೆನೆರಿಕ್ ಬಗ್ಗೆ ಅನುಮಾನ ಇಟ್ಟುಕೊಂಡಾಂವ ಬ್ರ್ಯಾಂಡ್ ಬಗ್ಗೆನೂ ಇಟ್ಟುಕೊಬೇಕು.

ಕಾಕಾ: ಇದು ಸಮಾಧಾನಾನೋ ಹೆದರಿಕಿನೋ?

ಮಗಳು: ಎರಡೂ. ಕೇಂದ್ರದ ಔಷಧ ನಿಯಂತ್ರಣದವರು ಪ್ರತಿ ತಿಂಗಳು ನಪಾಸಾದ ಬ್ಯಾಚುಗಳ ಪಟ್ಟಿ ಹಾಕತಾರ. 2024ರ ಆಗಸ್ಟ್ ತಿಂಗಳ ಪಟ್ಟ್ಯಾಗ ಒಂದು ಹೆಸರುವಾಸಿ ಪ್ಯಾಂಟೊಪ್ರಜೋಲ್ ಬ್ರ್ಯಾಂಡೂ ಬಂದಿತ್ತು. ಆ ಬ್ಯಾಚ್ ನಮ್ಮದಲ್ಲ, ಯಾರೋ ನಮ್ಮ ಹೆಸರಲೆ ಖೊಟ್ಟಿ ಮಾಡ್ಯಾರ ಅಂತ ಕಂಪನಿ ಹೇಳ್ತು. ಇರಬಹುದು. ಖೊಟ್ಟಿ ಮಾಡಾಂವ ನಡಿಯೂ ನೋಟಿನದ್ದ ಖೊಟ್ಟಿ ಮಾಡತಾನ. ಯಾರಿಗೂ ಗೊತ್ತಿಲ್ಲದ ಎರಡು ರೂಪಾಯಿ ಗುಳಿಗಿಯ ನಕಲಿ ಮಾಡಿ ಅಂವಗ ಏನು ಗಿಟ್ಟತೈತಿ? ಅದಕ್ಕ 2023ರ ಆಗಸ್ಟಿನಿಂದ 300 ದೊಡ್ಡ ಬ್ರ್ಯಾಂಡಿನ ಮ್ಯಾಲೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ರು. ನೀವು ತುಂಡ ಪಾಕೀಟ ತಂದ್ರ ಆ ಕೋಡೂ ಇಲ್ಲ, ಬ್ಯಾಚೂ ಇಲ್ಲ.

ಕಾಕಾ: ಹಂಗಾರ ಯಾವ ಅಂಗಡಿಗೆ ಹೋಗೂದು? ಇಚಲಕರಂಜ್ಯಾಗ ನನ್ನ ಹಳೇ ಸಂಗಾತಿ ಇದ್ದಾನ, ಅಂವ ನೂರಕ್ಕ 80 ಬಿಡು ಅಂತ ಬೋರ್ಡ್ ಹಚ್ಚಿದ ಕಡೆ ತಗೋತಾನ.

ಮಗಳು: ಆ 80ರ ಗುಟ್ಟು ಹೇಳತೀನಿ, ನನ್ನ ಧಂದೆದಾಗ ಇದನ್ನ ಬಾಯಿ ಬಿಟ್ಟು ಹೇಳೂದಿಲ್ಲ. ಜೆನೆರಿಕ್ ಒಳಗೂ ಎರಡು ಥರ ಅದಾವ. ಒಂದು ಜನೌಷಧಿ ಕೇಂದ್ರದ್ದು. 2008ರ ನವೆಂಬರಿನಾಗ ಅಮೃತಸರದಾಗ ಮೊದಲನೇ ಅಂಗಡಿ ಆತು, ಈಗ ದೇಶದಾಗ 15 ಸಾವಿರಕ್ಕೂ ಜಾಸ್ತಿ ಅದಾವ. ಅಲ್ಲೆ ಪಾಕೀಟಿನ ಮ್ಯಾಲಿನ ಕಿಮ್ಮತ್ತ ಕಡಿಮಿ. ಮಾಲು ಗೋದಾಮಿಗೆ ಬಂದ ಮ್ಯಾಲೆ ಬ್ಯಾಚ್ ಬ್ಯಾಚ್ ಲ್ಯಾಬಿಗೆ ಕಳಿಸಿ ಪಾಸಾದ್ದನ್ನ ಹಂಚೂದು ಅನ್ನೂದು ಅವರ ನೇಮ. ಎರಡನೇ ಥರದ್ದು ಕಂಪನಿಗಳು ಸೀದಾ ಅಂಗಡಿಗೆ ಕೊಡೂ ಜೆನೆರಿಕ್. ಡಾಕ್ಟರ ಕಡೆ ಎಂ.ಆರ್. ಓಡಾಡೂದಿಲ್ಲ, ಅದರ ಖರ್ಚು ಇಲ್ಲ. ಆದ್ರ ಎಂ.ಆರ್.ಪಿ. ಮಾತ್ರ ಬ್ರ್ಯಾಂಡಿನ ಹತ್ತರನ ಛಾಪಿಸಿರತಾರ. ಅಂಗಡಿಗೆ ಬೀಳೂದು ಅದರ ಕಾಲು ಭಾಗಕ್ಕೂ ಕಡಿಮಿಗೆ ಇರಬಹುದು. ಒಬ್ಬಾಂವ 80 ಬಿಡತಾನ, ಇನ್ನೊಬ್ಬಾಂವ 10 ಬಿಟ್ಟು ಉಪಕಾರ ಮಾಡಿದವರಂಗ ಮಾರಿ ಮಾಡತಾನ. ಗುಳಿಗಿ ಅದ. ನಿಮ್ಮ ಸಂಗಾತಿ ಬುದ್ಧಿವಂತನ ಇದ್ದಾನ. ಬಿಲ್ ತಗೊಳ್ಳಾಕ ಹೇಳ್ರಿ, ಅಷ್ಟ.

ಕಾಕಾ: ಡಾಕ್ಟರ್ ಯಾಕ ಸೀದಾ ಗುಳಿಗಿ ಹೆಸರ ಬರಿಯಂಗಿಲ್ಲ?

ಮಗಳು: ಬರೀಬೇಕು ಅಂತ ಮೆಡಿಕಲ್ ಕೌನ್ಸಿಲ್ 2002ರಿಂದ ಹೇಳಕೋತ ಬಂದಿತ್ತು. 2016ರಾಗ ಕ್ಯಾಪಿಟಲ್ ಅಕ್ಷರದಾಗ, ಓದಾಕ ಬರೂಹಂಗ ಬರೀರಿ ಅಂತು. 2023ರ ಆಗಸ್ಟ್ 2ಕ್ಕ, ಕೌನ್ಸಿಲಿನ ಜಾಗಾಕ್ಕ ಬಂದ ವೈದ್ಯಕೀಯ ಆಯೋಗದವರು ಖಡಕ್ ನಿಯಮ ತಗದ್ರು, 23ಕ್ಕ ತಡಿ ಹಿಡದ್ರು. ಗುಣಮಟ್ಟದ ಖಾತ್ರಿ ಮೊದಲ ಮಾಡ್ರಿ ಅಂತ ಡಾಕ್ಟರ ಸಂಘದವರು ಗದ್ದಲ ಎಬ್ಬಿಸಿದ್ರು. ಸುಳ್ಳ ಮಾತೇನಲ್ಲ ಅದು. ಆದ್ರ ಬ್ರ್ಯಾಂಡ್ ಬರದ್ರ ನನ್ನ ಕೈ ಕಟ್ಟಿದಂಗ. ಇದು ಷೆಡ್ಯೂಲ್ ಎಚ್ ಔಷಧ. ಚೀಟ್ಯಾಗ ಬರದ ಹೆಸರು ಬಿಟ್ಟು ಒಳಗಿಂದು ಒಂದೇ ಇದ್ದ ಬ್ಯಾರೆ ಗುಳಿಗಿ ಕೊಟ್ರೂ ನಿಯಮದ ಪ್ರಕಾರ ತಪ್ಪು. ಕೊಲ್ಹಾಪುರದ ಅಂಗಡ್ಯಾಗ ದಿನಾ ಕೇಳತಾರ, ಇದರದ್ದ ಸ್ವಸ್ತಾದ್ದು ಕೊಡು ಅಂತ. ಡಾಕ್ಟರ ಕಡೆ ಬರಸಿಕೊಂಡ ಬರ್ರಿ ಅಂದ್ರ ಸಿಟ್ಟಾಗತಾರ.

ಕಾಕಾ: ಹಂಗಾರ ನಾನೂ ಬರಸಿಕೊಂಡ ಬರಲೇನು? ಡಿ ಇದ್ದ ಜೆನೆರಿಕ್ಕ ಬರಸಿಕೊಂಡ್ರ ಮುಗೀತಲ್ಲಾ.

ಮಗಳು: ಸಿಗತೈತ್ರಿ, ಜನೌಷಧ್ಯಾಗೂ ಆ ಜೋಡಿ ಸಿಗತೈತಿ. ಆದ್ರ ನಾ ಹೇಳೂದು, ಡಿ ಬೇಕೋ ಬ್ಯಾಡೋ ಅದನ್ನ ಮೊದಲ ಕೇಳ್ರಿ. ಡೊಂಪೆರಿಡೋನ್ ವರ್ಷಾನುಗಟ್ಟಲೆ ನುಂಗೂ ಔಷಧ ಅಲ್ಲ. ಎದಿ ಬಡಿತ ಏರುಪೇರು ಆಗೂ ಅಪಾಯ ಐತಿ ಅಂತ ಯುರೋಪಿನ ಔಷಧ ಸಂಸ್ಥೆ 2014ರಾಗ ಅದನ್ನ ವಾಂತಿ, ವಾಕರಿಕಿಗೆ ಅಷ್ಟ ಸೀಮಿತ ಮಾಡಿತು, ಅದೂ ಸಾಮಾನ್ಯವಾಗಿ ಒಂದು ವಾರದ ಮ್ಯಾಲೆ ಬ್ಯಾಡ ಅಂತು. ಅರವತ್ತು ದಾಟಿದವರಿಗೆ ಅಪಾಯ ಜಾಸ್ತಿ. ಅಮೆರಿಕಾದಾಗ ಅದಕ್ಕ ಪರವಾನಗಿನ ಇಲ್ಲ. ನಿಮಗ ಯಾವಾಗ ಬರದುಕೊಟ್ಟಿದ್ರು?

ಕಾಕಾ: ನಾ ಇನ್ನೂ ಲೂಮಿನ ಕೆಲಸದಾಗ ಇದ್ದೆ. ರಾತ್ರಿ ಪಾಳಿ, 12 ತಾಸು. ನಡು ನಡು ಚಹಾ, ಮಿರ್ಚಿ ಭಜಿ, ತಂಬಾಕ. ಮುಂಜಾನೆ ಬಂದು ಕಟಕ ರೊಟ್ಟಿ, ಸಂಕೇಶ್ವರ ಮೆಣಸಿನಕಾಯಿ ಖಾರಾ ತಿಂದು ಸೀದಾ ಮಲಗೂದು. ಅವಾಗ ಸುರು ಆಗಿದ್ದು. ಡಾಕ್ಟರ್ ಒಂದು ತಿಂಗಳಿಗೆ ಬರದಿದ್ರು. ಮುಂದ ನಾನ ಪಾಕೀಟ ತೋರಿಸಿ ತಗೋತ ಬಂದೆ.

ಮಗಳು: ಡಾಕ್ಟರ್ ಬರದಿದ್ದು ಒಂದು ತಿಂಗಳಿಗೆ!

ಕಾಕಾ: ಆರಾಮ ಇತ್ತಲ್ಲಾ.

ಮಗಳು: ಪ್ಯಾಂಟೊಪ್ರಜೋಲೂ ಅಷ್ಟ. ಅದು ಡೊಂಪೆರಿಡೋನಿನಷ್ಟು ತಂಟೆದಲ್ಲ, ಆದ್ರ ಭಾಳ ವರ್ಷ ತಗೊಂಡವರಿಗೆ ಬಿ12 ಕಡಿಮಿ ಆಗಬಹುದು, ಮೆಗ್ನೀಸಿಯಂ ಇಳೀಬಹುದು, ಎಲುಬಿನ ಬಗ್ಗೆನೂ ಎಚ್ಚರಿಕೆ ಕೊಟ್ಟಾರ. ನಮ್ಮದು ಮೊದಲ ಶಾಖಾಹಾರಿ ಮನಿ, ಬಿ12 ಒಮ್ಮೆ ತಪಾಸಣೆ ಮಾಡಿಸ್ರಿ. ಹಂಗಂತ ನಾಳೆನ ಬಿಡಬ್ಯಾಡ್ರಿ, ಮತ್ತ ಆ ಉರಿ ಹೊಳ್ಳಿ ಬರತೈತಿ. ಮೊಣಕಾಲ ನೋವಿನ ಗುಳಿಗಿ ದಿನಾ ತಗೋಳ್ಳವರು, ರಕ್ತ ತೆಳು ಮಾಡೂ ಗುಳಿಗಿ ಇದ್ದವರು, ಅನ್ನನಾಳದಾಗ ಹುಣ್ಣ ಇದ್ದವರು ಬಿಡಲೂ ಬಾರದು, ಅವರಿಗೆ ಅದು ಕಾವಲು. ನಿಮಗ ಹೆಂಗ ಇಳಸೂದು, ಎಂಡೋಸ್ಕೋಪಿ ಬೇಕೋ ಬ್ಯಾಡೋ, ಅದು ಡಾಕ್ಟರ್ ಹೇಳಲಿ. ನುಂಗಿದ್ದು ಎದ್ಯಾಗ ಸಿಕ್ಕೊಂಡಂಗ ಆದ್ರ, ಸಂಡಾಸು ಕರ್ರಗ ಬಂದ್ರ, ತೂಕ ಇಳದ್ರ ಅದೇ ದಿನ ಹೋಗಬೇಕು. ಎದಿ ಹಿಂಡಿ ತೋಳಿಗೆ ನೋವು ಇಳೀತು ಅಂದ್ರ ಪಿತ್ತ ಅಂತ ಗುಳಿಗಿ ನುಂಗಿ ಮಲಗಬ್ಯಾಡ್ರಿ.

ಕಾಕಾ: ಈಗ ಮುಂಜಾನೆ ತಗೋಳ್ಳೂದರಾಗ ಏನರೆ ತಪ್ಪೈತಿ? ನಾಷ್ಟಾ ಆದ ಮ್ಯಾಲೆ ಬಿ.ಪಿ. ಗುಳಿಗಿ ಜೋಡಿ ನುಂಗತೀನಿ.

ಮಗಳು: ಅದನ್ನ ಮೊದಲ ಬದಲಿ ಮಾಡ್ರಿ. ಪಂಪ್ ಏಳೂದು ಉಣ್ಣಾಕ ಕುಂತಾಗ. ಎದ್ದ ಪಂಪನ್ನಷ್ಟ ಗುಳಿಗಿ ಹಿಡಿತೈತಿ. ಅದಕ್ಕ ನಾಷ್ಟಾಕ್ಕಿಂತ ಅರ್ಧಾ ತಾಸು, ಒಂದು ತಾಸು ಮೊದಲ ತಗೋಬೇಕು. ನಾಷ್ಟಾ ಆದ ಮ್ಯಾಲೆ ತಗೊಂಡ್ರ ಹತ್ತು ರೂಪಾಯಿದ್ದೂ ಅರೆಬರೆ ಕೆಲಸಾ ಮಾಡತೈತಿ, ಎರಡು ರೂಪಾಯಿದ್ದೂ ಅಷ್ಟ. ತಂಬಾಕಿನ ಮಿಶ್ರಿ ತಿಕ್ಕೂದು ಬಿಟ್ಟೀರೇನು?

ಕಾಕಾ: ನಿಮ್ಮ ಕಾಕುನ್ನ ಕೇಳು, ಅಕಿ ಡಬ್ಬಿ ಎಲ್ಲಿ ಐತಿ ಅಂತ.

ಮಗಳು: ತಂಬಾಕಿನಿಂದ ಅನ್ನನಾಳದ ಕೆಳಗಿನ ಬಾಗಲಾ ಸಡ್ಲ ಆಗತೈತಿ, ಅಕಿಗೂ ಹೇಳತೀನಿ. ಈಗ ನಾ ಒಂದು ಕಾಗದದಾಗ ಬರದುಕೊಡತೀನಿ, ಡಾಕ್ಟರಿಗೆ ತೋರಸ್ರಿ. ಪ್ಯಾಂಟೊಪ್ರಜೋಲ್ 40 ಅಂತ ಗುಳಿಗಿ ಹೆಸರಲೆ ಬರದುಕೊಡ್ರಿ ಅಂತ ಕೇಳ್ರಿ. ಡಿ ಬೇಕೇನು? ಎಷ್ಟು ದಿನಾ? ಇವೆರಡು ಕೇಳೂದು ಬಿಡಬ್ಯಾಡ್ರಿ. ಪಾಕೀಟ ಇಡಿದು ತಗೊಳ್ರಿ, ಬಿಲ್ ಹಾಕಿಸ್ರಿ. ನಾಷ್ಟಾಕ್ಕಿಂತ ಮೊದಲ ತಗೊಂಡು ಎರಡು ವಾರ ನೋಡ್ರಿ. ಅಷ್ಟಾಗಿಯೂ ಉರಿ ಹಂಗ ಇದ್ರ ಡಾಕ್ಟರಿಗೆ ಹೇಳ್ರಿ, ಆ ಪಾಕೀಟ ನನ್ನ ಕಡೆ ಕಳಸ್ರಿ.

ಕಾಕಾ: ಆತು. ಆದ್ರ ಒಂದು ಕರಾರು. ಬಿ.ಪಿ. ಗುಳಿಗಿಗೆ ಮಾತ್ರ ನೀ ಕೈ ಹಚ್ಚಬ್ಯಾಡ. ಅದು ಕಂಪನಿದ್ದ ಇರಲಿ.

ಮಗಳು: ಹಚ್ಚೂದಿಲ್ರಿ. ಎರಡೂ ಒಮ್ಮೆಗೆ ಬದಲಿ ಮಾಡಿದ್ರ ಯಾವುದರಿಂದ ಏನಾತು ಅಂತ ನನಗೂ ತಿಳಿಯೂದಿಲ್ಲ. ದಸರಾಕ್ಕ ಬಂದಾಗ ಅದರ ಮಾತು.

ಕಾಕಾ: ದಸರಾ ಅಂದೆ? ನಾ ದೀಪಾವಳಿ ಅಂತೀನಿ.